ಪಾಸ್ ಕೇಳಬೇಡಿ, ಟಿಕೆಟ್ ಕೊಳ್ಳಿ
ನಿಮ್ಮೂರಿನ ನೃತ್ಯ ತಂಡ ಸಹಾಯಾರ್ಥ ಪ್ರದರ್ಶನ ಇಟ್ಟುಕೊಂಡಿದ್ದರೆ, ಗುರುತಿನವರೆಂದು ಪಾಸ್ ಕೇಳಬೇಡಿ. ಟಿಕೆಟ್ ಕೊಂಡೇ ಹೋಗಿ. ಭರತನಾಟ್ಯದ ಒಂದು ಸಂಜೆಗೆ ನಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು, ಪ್ರಸಾಧನ, ಬೆಳಕು, ಸಭಾಂಗಣದ ಬಾಡಿಗೆ ಎಲ್ಲಕ್ಕೂ ದುಡ್ಡು ಬೇಕು. ಕೈ ಬಿಗಿಯಾದಾಗ ಹಿಮ್ಮೇಳದ ಜಾಗಕ್ಕೆ ಧ್ವನಿಮುದ್ರಿಕೆ ಬಂದುಬಿಡುತ್ತದೆ. ನನಗಂತೂ ಅದು ಸಂಕಟ. ನರ್ತಕಿಯ ಹೆಜ್ಜೆ ನೋಡುತ್ತಾ ನುಡಿಯುವ ಮೃದಂಗದ ಜೀವ ಅದರಲ್ಲೆಲ್ಲಿ? ಹೆಚ್ಚು ಕೊಡುವಿರಾದರೆ, ‘ಇದು ಹಿಮ್ಮೇಳಕ್ಕೆ’ ಎಂದು ಹೇಳಿಯೇ ಕೊಡಿ. ತೆರಿಗೆ ರಿಯಾಯಿತಿ ಬೇಕಿದ್ದವರು ಸಂಸ್ಥೆಗೆ ಅದರ ಮಾನ್ಯತೆ ಇದೆಯೇ ವಿಚಾರಿಸಿ. 2,000 ರೂಪಾಯಿ ಮೀರಿದ ನಗದಿಗೆ ರಿಯಾಯಿತಿ ಸಿಗದು, ಚೆಕ್ಕೋ ಯುಪಿಐಯೋ ಒಳ್ಳೆಯದು. ಮತ್ತೆ, ನಿಮ್ಮ ಮಗುವಿನ ಅಲರಿಪು ಮುಗಿದೊಡನೆ ಎದ್ದುಬಿಡಬೇಡಿ. ತಿಲ್ಲಾನ ಕಳೆದು ಮಂಗಳ ಹಾಡುವವರೆಗೂ ಕೂತಿದ್ದು, ಹಿಮ್ಮೇಳದವರಿಗೂ ಒಂದು ಚಪ್ಪಾಳೆ ಕೊಟ್ಟು ಬನ್ನಿ.