ಬಿದ್ದವನಿಗೆ ಬಾಗಿಲು ಮುಚ್ಚದಿರಿ

ಸಂಪತ್ತು, ಕೀರ್ತಿ, ದೇಹಬಲ ಈ ಮೂರೂ ಒಬ್ಬನಲ್ಲಿ ಒಟ್ಟು ಸೇರಿದರೆ ಜಗತ್ತು ಅವನನ್ನು ಭಾಗ್ಯವಂತನೆಂದು ಕರೆಯುತ್ತದೆ. ಸತ್ಯವಿಶ್ವಾಸಿಯ ದೃಷ್ಟಿಯಲ್ಲಾದರೋ ಅವು ಪರೀಕ್ಷೆಗಳು. ಕಾರೂನನ ಭಂಡಾರಗಳ ಕೀಲಿಕೈಗಳನ್ನು ಹೊರಲು ಬಲಿಷ್ಠರ ಗುಂಪಿಗೂ ಕಷ್ಟವಾಗುತ್ತಿತ್ತು. ಅದೆಲ್ಲ ತನ್ನ ಜ್ಞಾನದ ಬಲದಿಂದಲೇ ತನಗೆ ದೊರೆಯಿತೆಂದು ಆತ ಬೀಗಿದ. ಕೊನೆಗೆ ಅವನೂ ಅವನ ಮನೆಯೂ ಭೂಮಿಯ ಪಾಲಾದುವೆಂದು ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯವು ನಮಗೆ ತಿಳಿಸುತ್ತದೆ.

ಇದು ಪುರಾತನ ಕಾಲದ ಕಥೆ ಮಾತ್ರವಲ್ಲ. ನಮ್ಮ ಕಾಲದಲ್ಲೂ ಅದು ಮರುಕಳಿಸುತ್ತಿರುತ್ತದೆ. ಅಮೇರಿಕದ ಓರ್ವ ಫುಟ್ಬಾಲ್ ಆಟಗಾರನ ಬದುಕನ್ನು ಇಲ್ಲಿ ನಿಮ್ಮ ಮುಂದಿಡುತ್ತೇವೆ. ಆತ ನಮ್ಮ ಧರ್ಮದವನಲ್ಲ, ನಮ್ಮ ದೇಶದವನೂ ಅಲ್ಲ. ಆದರೂ ಅವನ ಏರಿಳಿತದಲ್ಲಿ ನಮಗೂ ನಮ್ಮ ಮಕ್ಕಳಿಗೂ ಪಾಠವಿದೆ. ವಿವೇಕದ ಮಾತು ಎಲ್ಲಿ ಕಂಡರೂ ಹೆಕ್ಕಿಕೊಳ್ಳುವವನು ಬುದ್ಧಿವಂತ.

ಏರಿದ ಎತ್ತರ

ಮೈಕಲ್ ವಿಕ್ 1980ರಲ್ಲಿ ಹುಟ್ಟಿ ವರ್ಜೀನಿಯ ರಾಜ್ಯದ ನ್ಯೂಪೋರ್ಟ್ ನ್ಯೂಸ್ ನಗರದ ಬಡ ವಠಾರವೊಂದರಲ್ಲಿ ಬೆಳೆದ ಹುಡುಗ. ಅಲ್ಲಿಯ ಫುಟ್ಬಾಲ್ ನಾವು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅದರಲ್ಲಿ ತಂಡವನ್ನು ಮುನ್ನಡೆಸುವ ಸ್ಥಾನ ಆತನದು. ಅವನ ಓಟದ ವೇಗಕ್ಕೆ ಸಾಟಿಯಿರಲಿಲ್ಲ. 2001ರಲ್ಲಿ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ ದೇಶದಲ್ಲೇ ಮೊದಲನೆಯವನಾಗಿ ಅಟ್ಲಾಂಟ ಫಾಲ್ಕನ್ಸ್ ತಂಡ ಅವನನ್ನು ಆರಿಸಿತು. 2004ರ ಡಿಸೆಂಬರಿನಲ್ಲಿ ಹತ್ತು ವರ್ಷಗಳಿಗೆ 13 ಕೋಟಿ ಡಾಲರಿನ ಒಪ್ಪಂದಕ್ಕೆ ಆತ ಸಹಿ ಹಾಕಿದ. ಮಕ್ಕಳು ಅವನ ಹೆಸರಿನ ಅಂಗಿ ತೊಟ್ಟು ಬೀದಿಯಲ್ಲಿ ಓಡಾಡಿದರು.

ಈ ಬೆಳಕಿನ ಹಿಂದೆ ಒಂದು ಕತ್ತಲೆಯಿತ್ತು. ವರ್ಜೀನಿಯದ ಸರ್ರಿ ಕೌಂಟಿಯಲ್ಲಿ ಆತನಿಗೆ ಸೇರಿದ ಒಂದು ಜಾಗವಿತ್ತು. 2007ರ ಎಪ್ರಿಲ್‌ನಲ್ಲಿ ಮಾದಕ ವಸ್ತುವಿನ ಬೇರೊಂದು ತನಿಖೆಗಾಗಿ ಪೊಲೀಸರು ಅಲ್ಲಿ ಶೋಧ ನಡೆಸಿದಾಗ ಡಜನುಗಟ್ಟಲೆ ನಾಯಿಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಪಿಟ್‌ಬುಲ್ ಜಾತಿಯವು. ಅವುಗಳನ್ನು ಕಾಳಗಕ್ಕಾಗಿ ಸಾಕಲಾಗಿತ್ತು. ಆರು ವರ್ಷಗಳಿಂದ ಅಲ್ಲಿ ಬಾಜಿ ಕಟ್ಟಿ ನಾಯಿಗಳನ್ನು ಕಾದಾಡಿಸುವ ದಂಧೆ ನಡೆಯುತ್ತಿತ್ತು. ಅದಕ್ಕೆ ಹಣ ಒದಗಿಸುತ್ತಿದ್ದವನು ಈ ಪ್ರಸಿದ್ಧ ಆಟಗಾರ. ಚೆನ್ನಾಗಿ ಕಾದಾಡದ ನಾಯಿಗಳನ್ನು ನೇಣು ಹಾಕಿ, ನೀರಿನಲ್ಲಿ ಮುಳುಗಿಸಿ ಕೊಲ್ಲಲಾಗಿತ್ತು. ಅದರಲ್ಲಿ ತನ್ನ ಪಾಲೂ ಇತ್ತೆಂದು ಆತ ಕೊನೆಗೆ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

2007ರ ಡಿಸೆಂಬರ್ 10ರಂದು ಆತನಿಗೆ 23 ತಿಂಗಳ ಜೈಲು ಶಿಕ್ಷೆಯಾಯಿತು. ನಾಯಿಗಳ ಆರೈಕೆಗಾಗಿ ಸುಮಾರು 9 ಲಕ್ಷ 28 ಸಾವಿರ ಡಾಲರ್ ಕೊಡಬೇಕೆಂದೂ ಆದೇಶವಾಯಿತು. ಜಾಹೀರಾತು ಕಂಪೆನಿಗಳು ಕೈ ಬಿಟ್ಟವು. 2008ರ ಜುಲೈಯಲ್ಲಿ ಜೈಲಿನೊಳಗಿಂದಲೇ ಆತ ದಿವಾಳಿ ಅರ್ಜಿ ಹಾಕಿದ. ಕೋಟಿಗಳನ್ನು ಎಣಿಸುತ್ತಿದ್ದ ಕೈಗಳು ಕಾನ್ಸಾಸ್‌ನ ಲೆವನ್‌ವರ್ತ್ ಜೈಲಿನಲ್ಲಿ ಗಂಟೆಗೆ 12 ಸೆಂಟ್ ಕೂಲಿಗೆ ನೆಲ ಒರೆಸಿದವು. ಮತ್ತೆಂದಾದರೂ ಆಡಲು ಸಾಧ್ಯವೇ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಬರೇ ನಾಯಿ ತಾನೇ?

ಓದುತ್ತಿರುವ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಬರೇ ನಾಯಿಗಳಿಗಾಗಿ ಓರ್ವ ಮನುಷ್ಯನನ್ನು ಎರಡು ವರ್ಷ ಜೈಲಿಗೆ ಹಾಕುವುದೇ? ನಾಯಿಯ ಎಂಜಲು ನಜಸ್ ಎಂದು ಕಲಿತು ಬೆಳೆದ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಸಹಜ. ಆದರೆ ಶುದ್ಧಿಯ ನಿಯಮ ಬೇರೆ, ಕರುಣೆಯ ನಿಯಮ ಬೇರೆ. ಎಂಜಲು ತಾಗಿದ ಪಾತ್ರೆಯನ್ನು ಏಳು ಸಲ ತೊಳೆಯಲು ಕಲಿಸಿದ ಅದೇ ಪ್ರವಾದಿವರ್ಯರು(ಸ), ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ಕುಡಿಸಿದವನ ಪಾಪಗಳನ್ನು ಅಲ್ಲಾಹನು ಕ್ಷಮಿಸಿದನೆಂದು ತಿಳಿಸಿದ್ದಾರೆ. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ಕೇಳಿದಾಗ, ಜೀವವಿರುವ ಪ್ರತಿಯೊಂದರಲ್ಲೂ ಪ್ರತಿಫಲವಿದೆ ಎಂಬ ಉತ್ತರ ದೊರೆಯಿತು (ಬುಖಾರಿ, ಮುಸ್ಲಿಮ್). ಬೆಕ್ಕೊಂದನ್ನು ಅನ್ನ ನೀರಿಲ್ಲದೆ ಕಟ್ಟಿ ಹಾಕಿ ಸಾಯಿಸಿದ ಸ್ತ್ರೀ ಅದೇ ಕಾರಣಕ್ಕೆ ನರಕ ಸೇರಿದಳೆಂಬ ಎಚ್ಚರಿಕೆಯೂ ಇದೇ ಗ್ರಂಥಗಳಲ್ಲಿದೆ.

ಅಷ್ಟು ಮಾತ್ರವಲ್ಲ. ಪ್ರಾಣಿಗಳನ್ನು ಪರಸ್ಪರ ಎತ್ತಿಕಟ್ಟಿ ಕಾದಾಡಿಸುವುದನ್ನು ಪ್ರವಾದಿವರ್ಯರು(ಸ) ನೇರವಾಗಿ ವಿರೋಧಿಸಿದ್ದಾಗಿ ಹ. ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ (ಅಬೂದಾವೂದ್, ತಿರ್ಮಿದಿ). ಭೂಮಿಯಲ್ಲಿ ನಡೆಯುವ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಅಲ್‌ಅನ್‌ಆಮ್ ಅಧ್ಯಾಯವು ಕಲಿಸುತ್ತದೆ. ಅವುಗಳ ಮಾಲಿಕ ನಾವಲ್ಲ. ನಾವು ಕೇವಲ ಉತ್ತರದಾಯಿಗಳು.

ಈ ಮಾತು ವರ್ಜೀನಿಯಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ಕರಾವಳಿಯ ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಹರಿತವಾದ ಚೂರಿ ಕಟ್ಟಿ ಬಿಡುತ್ತಾರೆ. ಸುತ್ತ ನಿಂತವರು ಹಣ ಕಟ್ಟುತ್ತಾರೆ. 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಣಿಗಳನ್ನು ಕಾದಾಡಲು ಪ್ರಚೋದಿಸುವುದು ನಮ್ಮ ದೇಶದಲ್ಲೂ ಅಪರಾಧ. ಅಂತಹ ಕಣದ ಅಂಚಿನಲ್ಲಿ ನಮ್ಮ ಹುಡುಗನೂ ನಿಂತಿದ್ದರೆ ಅವನು ಎರಡು ಪಾಪಗಳ ನಡುವೆ ನಿಂತಿದ್ದಾನೆ. ಒಂದು ಹಿಂಸೆ, ಇನ್ನೊಂದು ಜೂಜು. ಜೂಜನ್ನು ಶೈತಾನನ ಹೊಲಸು ಕೃತ್ಯಗಳ ಸಾಲಿನಲ್ಲಿ ಅಲ್‌ಮಾಇದಃ ಅಧ್ಯಾಯವು ಇಟ್ಟಿದೆ. ನೋಡಲು ಹೋದದ್ದು ಮಾತ್ರ ಎಂಬ ನೆಪ ಅಲ್ಲಿ ನಿಲ್ಲದು. ನೋಡುವವರಿಲ್ಲದಿದ್ದರೆ ಆ ಕಣವೇ ಇರುತ್ತಿರಲಿಲ್ಲ.

ಸುಳ್ಳು ಮತ್ತು ಸಹವಾಸ

ವಿಕ್‌ನ ಪತನದಲ್ಲಿ ಎರಡು ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದು ಸಹವಾಸ. ಶ್ರೀಮಂತಿಕೆ ಬಂದಾಗ ಸುತ್ತ ಸೇರಿದ ಗೆಳೆಯರಲ್ಲಿ ತಪ್ಪನ್ನು ತಪ್ಪೆನ್ನುವವರು ಇರಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಅದೇ ಗೆಳೆಯರು ಒಬ್ಬೊಬ್ಬರಾಗಿ ಅವನಿಗಿಂತ ಮೊದಲೇ ತಪ್ಪೊಪ್ಪಿಕೊಂಡರು. ಮನುಷ್ಯನು ತನ್ನ ಮಿತ್ರನ ದಾರಿಯಲ್ಲಿರುತ್ತಾನೆ, ಆದ್ದರಿಂದ ಯಾರೊಡನೆ ಮೈತ್ರಿಯೆಂಬುದನ್ನು ನೋಡಿಕೊಳ್ಳಲಿ ಎಂಬ ಪ್ರವಾದಿ(ಸ) ಉಪದೇಶ (ಅಬೂದಾವೂದ್, ತಿರ್ಮಿದಿ) ಎಷ್ಟು ಸತ್ಯ!

ಎರಡನೆಯದು ಸುಳ್ಳು. ಆರೋಪ ಬಂದಾಗ ಆತ ತನಗೇನೂ ಗೊತ್ತಿಲ್ಲವೆಂದ. ತಂಡದ ಮಾಲಕರಿಗೂ ಲೀಗಿನ ಮುಖ್ಯಸ್ಥರಿಗೂ ಸುಳ್ಳು ಹೇಳಿದ. ತಪ್ಪೊಪ್ಪಿಗೆಯ ನಂತರವೂ ಪೂರ್ಣ ಸತ್ಯ ಹೇಳಲಿಲ್ಲ. ಜಾಮೀನಿನಲ್ಲಿರುವಾಗಲೇ ಗಾಂಜಾ ಸೇವಿಸಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಸರಕಾರಿ ವಕೀಲರು 12ರಿಂದ 18 ತಿಂಗಳ ಶಿಕ್ಷೆ ಸಾಕೆಂದಿದ್ದರೂ ನ್ಯಾಯಾಧೀಶರು 23 ತಿಂಗಳು ವಿಧಿಸಿದರು. ಸತ್ಯವು ಒಳಿತಿನ ಕಡೆಗೂ ಸುಳ್ಳು ಕೆಡುಕಿನ ಕಡೆಗೂ ಕೊಂಡೊಯ್ಯುತ್ತದೆಂಬ ಹದೀಸನ್ನು ನಾವು ಮಕ್ಕಳಿಗೆ ಮದ್ರಸದಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಆ ಹದೀಸಿನ ಅರ್ಥ ಇಲ್ಲಿ ತಿಂಗಳುಗಳ ಲೆಕ್ಕದಲ್ಲಿ ಕಾಣುತ್ತಿದೆ.

ಶಿಕ್ಷೆಯೂ ಇರಲಿ, ಕ್ಷಮೆಯೂ ಇರಲಿ

2009ರ ಮೇ 20ರಂದು ಆತ ಜೈಲಿನಿಂದ ಹೊರಬಂದು, ಶಿಕ್ಷೆಯ ಕೊನೆಯ ಎರಡು ತಿಂಗಳನ್ನು ಮನೆಯಲ್ಲಿ ನಿಗಾದಡಿ ಕಳೆದ. ಕಟ್ಟಡ ಕೆಲಸದ ಕಂಪೆನಿಯೊಂದರಲ್ಲಿ ಗಂಟೆಗೆ 10 ಡಾಲರಿಗೆ ದುಡಿದ. ಅಟ್ಲಾಂಟ ತಂಡ ಅವನನ್ನು ಕೈಬಿಟ್ಟಿತು. ಆದರೆ ಟೋನಿ ಡಂಜಿ ಎಂಬ ನಿವೃತ್ತ ತರಬೇತುದಾರರು ಜೈಲಿಗೇ ಹೋಗಿ ಅವನನ್ನು ಕಂಡಿದ್ದರು, ಅವನ ಮಾರ್ಗದರ್ಶಕರಾಗಲು ಒಪ್ಪಿಕೊಂಡರು. ಜುಲೈಯಲ್ಲಿ ಲೀಗ್ ಷರತ್ತುಗಳೊಂದಿಗೆ ಅವನನ್ನು ಮರಳಿ ಸೇರಿಸಿಕೊಂಡಿತು. ಆಗಸ್ಟ್‌ನಲ್ಲಿ ಫಿಲಡೆಲ್ಫಿಯ ಈಗಲ್ಸ್ ತಂಡ ಅವನಿಗೆ ಅವಕಾಶ ನೀಡಿತು. ಹಲವರು ಪ್ರತಿಭಟಿಸಿದರು. ಆತ ಪ್ರಾಣಿ ದಯಾ ಸಂಘಟನೆಯೊಂದರೊಡನೆ ಸೇರಿ ಶಾಲೆಗಳಲ್ಲಿ, ಬಡ ಬಡಾವಣೆಗಳಲ್ಲಿ ನಾಯಿ ಕಾಳಗದ ವಿರುದ್ಧ ಮಕ್ಕಳೊಡನೆ ಮಾತನಾಡಿದ. 2010ರಲ್ಲಿ ವರ್ಷದ ಅತ್ಯುತ್ತಮ ಪುನರಾಗಮನದ ಪ್ರಶಸ್ತಿ ಅವನಿಗೆ ದೊರೆಯಿತು. 2017ರಲ್ಲಿ ಆಟಕ್ಕೆ ವಿದಾಯ ಹೇಳಿದ ಆತನನ್ನು 2024ರ ಡಿಸೆಂಬರಿನಲ್ಲಿ ವರ್ಜೀನಿಯದ ನಾರ್ಫೋಕ್ ಸ್ಟೇಟ್ ವಿಶ್ವವಿದ್ಯಾನಿಲಯ ತನ್ನ ತಂಡದ ಮುಖ್ಯ ತರಬೇತುದಾರನಾಗಿ ನೇಮಿಸಿತು.

ಹಾಗಾದರೆ ಕ್ಷಮೆಯೆಂದರೆ ಶಿಕ್ಷೆ ಬೇಡವೆಂದೇ? ಖಂಡಿತ ಅಲ್ಲ. ಮಖ್‌ಝೂಮ್ ಗೋತ್ರದ ಮಹಿಳೆಯೊಬ್ಬಳು ಕಳ್ಳತನ ಮಾಡಿದಾಗ, ಆಕೆ ಪ್ರತಿಷ್ಠಿತ ಮನೆತನದವಳೆಂದು ಶಿಫಾರಸು ಬಂತು. ತನ್ನ ಮಗಳು ಫಾತಿಮಾಳೇ ಕದ್ದಿದ್ದರೂ ಶಿಕ್ಷೆ ಬದಲಾಗದೆಂದು ಪ್ರವಾದಿವರ್ಯರು(ಸ) ಅದನ್ನು ತಳ್ಳಿಹಾಕಿದರು. ಈ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅದರ ಕೊನೆಯ ಭಾಗವನ್ನು ಹೆಚ್ಚಿನವರು ಹೇಳುವುದಿಲ್ಲ. ಆ ಮಹಿಳೆ ಚೆನ್ನಾಗಿ ತೌಬಾ ಮಾಡಿದಳು, ವಿವಾಹವಾದಳು, ತನ್ನ ಬಳಿಗೆ ಬರುತ್ತಿದ್ದಳು ಮತ್ತು ಆಕೆಯ ಅಗತ್ಯಗಳನ್ನು ತಾನು ಪ್ರವಾದಿವರ್ಯರಿಗೆ(ಸ) ತಲುಪಿಸುತ್ತಿದ್ದೆನೆಂದು ಹ. ಆಯಿಶಾ(ರ) ತಿಳಿಸಿದ್ದಾರೆ (ಬುಖಾರಿ, ಮುಸ್ಲಿಮ್). ಶಿಕ್ಷೆ ಮುಗಿದ ಮೇಲೆ ಆಕೆಗೆ ಮದೀನದ ಅತ್ಯಂತ ಗೌರವಾನ್ವಿತ ಮನೆಯ ಬಾಗಿಲೇ ತೆರೆದಿತ್ತು!

ಸಾಲದ ಹೊರೆ

ತೌಬಾಕ್ಕೆ ಮೂರು ಷರತ್ತುಗಳನ್ನು ವಿದ್ವಾಂಸರು ಹೇಳುತ್ತಾರೆ. ಪಾಪವನ್ನು ತೊರೆಯಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಅತ್ತ ಸುಳಿಯೆನೆಂದು ನಿರ್ಧರಿಸಬೇಕು. ಪಾಪವು ಮನುಷ್ಯರ ಹಕ್ಕಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯದೂ ಇದೆ. ಹಕ್ಕನ್ನು ಹಕ್ಕುದಾರನಿಗೆ ಮರಳಿಸಬೇಕು. ಕಣ್ಣೀರು ಸುಲಭ. ಕಷ್ಟವಿರುವುದು ಈ ನಾಲ್ಕನೆಯದರಲ್ಲಿ.

ವಿಕ್‌ನ ಮನಸ್ಸಿನಲ್ಲೇನಿತ್ತೆಂಬುದನ್ನು ಅಲ್ಲಾಹನೇ ಬಲ್ಲ. ನಮಗೆ ಕಾಣುವುದು ಕೃತ್ಯ ಮಾತ್ರ. ಮತ್ತೆ ಆಡಿ ಗಳಿಸಿದ ಹಣದಿಂದ ಹಲವು ವರ್ಷಗಳ ಕಾಲ ಕಂತು ಕಟ್ಟಿ ಆತ ಸಾಲಗಾರರಿಗೆ 1 ಕೋಟಿ 70 ಲಕ್ಷ ಡಾಲರಿಗಿಂತಲೂ ಹೆಚ್ಚು ಮರಳಿಸಿದ. ಹುತಾತ್ಮನ ಎಲ್ಲ ಪಾಪಗಳು ಕ್ಷಮಿಸಲ್ಪಟ್ಟರೂ ಸಾಲ ಉಳಿಯುತ್ತದೆಂದು (ಮುಸ್ಲಿಮ್) ಕಲಿತಿರುವ ನಮ್ಮಲ್ಲಿ, ಸಾಲ ತೀರಿಸದೆಯೇ ಎರಡನೆಯ ಉಮ್ರಾಕ್ಕೆ ಹೊರಡುವವರಿದ್ದರೆ ಅವರು ಒಂದು ಕ್ಷಣ ನಿಂತು ಯೋಚಿಸಲಿ.

ಪ್ರತಿಭೆ ಇಲ್ಲದವನ ಗತಿಯೇನು?

ಈ ಕಥೆಯಲ್ಲಿ ಒಂದು ಕಹಿ ಸತ್ಯವೂ ಅಡಗಿದೆ. ಅದೇ ಪ್ರಕರಣದಲ್ಲಿ ಇನ್ನೂ ಮೂವರಿಗೆ ಶಿಕ್ಷೆಯಾಗಿತ್ತು. ಅವರು ಹೊರಬಂದಾಗ ಯಾವ ತಂಡವೂ ಬಾಗಿಲಲ್ಲಿ ಕಾದಿರಲಿಲ್ಲ, ಯಾವ ಪತ್ರಿಕೆಯೂ ಪುನರಾಗಮನವೆಂದು ಬರೆಯಲಿಲ್ಲ. ವಿಕ್‌ಗೆ ಬಾಗಿಲು ತೆರೆದದ್ದು ಆತ ಪಶ್ಚಾತ್ತಾಪಪಟ್ಟದ್ದಕ್ಕೋ, ವೇಗವಾಗಿ ಓಡುತ್ತಿದ್ದುದಕ್ಕೋ? ಎರಡನೆಯ ಕಾರಣವೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಜಗತ್ತು ಲಾಭ ನೋಡಿ ಕ್ಷಮಿಸುತ್ತದೆ.

ಅಲ್ಲಾಹನ ಬಾಗಿಲು ಹಾಗಲ್ಲ. ತಮ್ಮ ಮೇಲೆ ತಾವೇ ಅತಿರೇಕವೆಸಗಿದ ದಾಸರು ಅವನ ಕರುಣೆಯ ಕುರಿತು ನಿರಾಶರಾಗಬಾರದೆಂದು ಅಝ್ಝುಮರ್ ಅಧ್ಯಾಯವು ಕರೆಯುವಾಗ ಯಾರ ಪ್ರತಿಭೆಯನ್ನೂ ಕೇಳುವುದಿಲ್ಲ. ಮದ್ಯಪಾನಕ್ಕಾಗಿ ಶಿಕ್ಷೆ ಪಡೆದವನೊಬ್ಬನನ್ನು ಯಾರೋ ಶಪಿಸಿದಾಗ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿರೆಂದು ಪ್ರವಾದಿವರ್ಯರು(ಸ) ತಡೆದರು (ಬುಖಾರಿ). ಎಂತಹ ಮಾತು! ಶಿಕ್ಷೆ ಅನುಭವಿಸಿ ಬಂದವನನ್ನು ನಾವು ದೂಡಿದರೆ, ಅವನನ್ನು ಹಿಡಿದುಕೊಳ್ಳಲು ಆಚೆ ಬದಿಯಲ್ಲಿ ಒಬ್ಬ ಕಾದು ನಿಂತಿರುತ್ತಾನೆ.

ನಮ್ಮ ಮೊಹಲ್ಲಾಗಳಲ್ಲಿ

ಈಗ ನಿಮ್ಮ ಊರಿನ ಕಡೆಗೆ ನೋಡಿರಿ. ಗಾಂಜಾ ಪ್ರಕರಣದಲ್ಲೋ ಹೊಡೆದಾಟದಲ್ಲೋ ಜೈಲಿಗೆ ಹೋಗಿ ಶಿಕ್ಷೆ ಮುಗಿಸಿ ಬಂದ ಯುವಕನೊಬ್ಬ ಮಸೀದಿಯ ಹಿಂದಿನ ಸಫ್‌ನಲ್ಲಿ ತಲೆ ತಗ್ಗಿಸಿ ನಿಂತರೆ ನಮ್ಮ ವರ್ತನೆ ಹೇಗಿರುತ್ತದೆ? ಪಕ್ಕದವನು ಸ್ವಲ್ಪ ಸರಿದು ನಿಲ್ಲುತ್ತಾನೆ. ಅಂಗಡಿಯಾತ ಕೆಲಸವಿಲ್ಲ ಎನ್ನುತ್ತಾನೆ. ಅವನ ತಂಗಿಗೆ ಬಂದ ಸಂಬಂಧ ಮುರಿದುಬೀಳುತ್ತದೆ. ಅಪರಾಧ ಮಾಡಿದವನು ಒಬ್ಬ, ಶಿಕ್ಷೆ ಇಡೀ ಮನೆಗೆ. ನ್ಯಾಯಾಲಯವು ಎರಡು ವರ್ಷವೆಂದದ್ದನ್ನು ನಾವು ಜೀವಾವಧಿಯಾಗಿ ಮಾಡುತ್ತೇವೆ.

ಆದ್ದರಿಂದ ನಾಲ್ಕು ವಿಷಯಗಳನ್ನು ನಿಮ್ಮ ಮುಂದಿಡಬಯಸುತ್ತೇವೆ. ಒಂದು, ಮೊದಲ ಸಲಾಮ್ ನಿಮ್ಮದಾಗಿರಲಿ. ಎರಡು, ಅವನಿಗೊಂದು ಕೆಲಸ ಕೊಡಿಸಿರಿ. ಮೊದಲಿಗೆ ನಗದು ಪೆಟ್ಟಿಗೆಯ ಕೆಲಸವೇ ಆಗಬೇಕೆಂದಿಲ್ಲ, ನಂಬಿಕೆ ಮೆಲ್ಲನೆ ಬೆಳೆಯಲಿ. ಎಚ್ಚರಿಕೆಯೂ ಕರುಣೆಯೂ ಒಟ್ಟಿಗಿರಬಹುದು. ಮೂರು, ಡಂಜಿಯವರಂತೆ ಹಿರಿಯರೊಬ್ಬರು ಅವನ ಜವಾಬ್ದಾರಿ ವಹಿಸಲಿ. ವಾರಕ್ಕೊಮ್ಮೆ ವಿಚಾರಿಸಲಿ, ಹಳೆಯ ಗೆಳೆಯರು ಮತ್ತೆ ಬಾಗಿಲು ತಟ್ಟಿದರೆ ಎಚ್ಚರಿಸಲಿ. ನಾಲ್ಕು, ಅವನು ಸಾಲದಲ್ಲಿ ಮುಳುಗಿದ್ದರೆ ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಸೇರಿದ್ದಾರೆಂಬುದನ್ನು (ಅತ್ತೌಬಃ: 60) ಜಮಾಅತ್ ಮರೆಯದಿರಲಿ.

ತಾಯಂದಿರಿಗೂ ಒಂದು ಮಾತು. ಮಗನ ತಪ್ಪನ್ನು ಮುಚ್ಚಿಡುವುದು ಪ್ರೀತಿಯಲ್ಲ. ವಿಕ್‌ನ ಸುತ್ತ ಮುಚ್ಚಿಡುವವರು ಧಾರಾಳವಾಗಿದ್ದರು. ಸಣ್ಣ ಸುಳ್ಳಿನ ಹಂತದಲ್ಲೇ ಕೈ ಹಿಡಿದು ಕೇಳಿರಿ, ಈ ಹಣ ಎಲ್ಲಿಂದ ಬಂತು, ನಿನ್ನೆ ರಾತ್ರಿ ಯಾರ ಜೊತೆಗಿದ್ದೆ ಎಂದು. ಅಂದು ಕೇಳುವ ಆ ಪ್ರಶ್ನೆ ನಾಳೆ ಪೊಲೀಸರು ಕೇಳುವುದಕ್ಕಿಂತ ಎಷ್ಟೋ ಮೇಲು. ಕೇಳಿದ ಮೇಲೂ ಅವನು ಬಿದ್ದರೆ, ಎದ್ದು ಬರುವ ದಿನ ಮನೆಯ ಚಿಲಕ ತೆಗೆದಿರಲಿ.

ಸರ್ರಿ ಕೌಂಟಿಯ ಆ ನಾಯಿಗಳು ಏನಾದವು? ಇಂತಹ ನಾಯಿಗಳನ್ನು ಕೊಲ್ಲುವುದೇ ಸರಿಯೆಂದು ಆಗ ಹಲವರು ವಾದಿಸಿದ್ದರು. ಆದರೆ ನ್ಯಾಯಾಲಯವು ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲು ಹೇಳಿತು. ಹೆಚ್ಚಿನವು ಬದುಕಿದವು. 22 ನಾಯಿಗಳು ಯೂಟಾ ರಾಜ್ಯದ ಆಶ್ರಯಧಾಮ ಸೇರಿದವು, ಎಷ್ಟೋ ನಾಯಿಗಳು ಮಕ್ಕಳಿರುವ ಮನೆಗಳಲ್ಲಿ ಸೌಮ್ಯವಾಗಿ ಬಾಳಿದವು. ಕಚ್ಚಲೆಂದೇ ಬೆಳೆಸಿದ ಪ್ರಾಣಿ ಕೂಡ ಕರುಣೆಗೆ ಬದಲಾಗುವುದಾದರೆ, ಅಲ್ಲಾಹನು ಬುದ್ಧಿ ಮತ್ತು ಹೃದಯವನ್ನು ನೀಡಿದ ಮನುಷ್ಯನ ಬಗ್ಗೆ ನಾವೇಕೆ ನಿರಾಶರಾಗಬೇಕು?

ಆದಮರ ಮಕ್ಕಳೆಲ್ಲರೂ ತಪ್ಪು ಮಾಡುವವರೇ, ಅವರಲ್ಲಿ ಉತ್ತಮರು ಪಶ್ಚಾತ್ತಾಪಪಟ್ಟು ಮರಳುವವರು (ತಿರ್ಮಿದಿ, ಇಬ್ನು ಮಾಜಃ). ನಮ್ಮ ತಪ್ಪುಗಳನ್ನು ಮರೆಮಾಡಿ ನಮಗೆ ಮಾನ ನೀಡಿರುವ ಅಲ್ಲಾಹನು ಬಿದ್ದವರನ್ನು ಎತ್ತುವ ಕೈಗಳನ್ನೂ ನಮಗೆ ನೀಡಲಿ. ಆಮೀನ್.