ಐಸಿಯು ದಾಟಿ ಬಂದ ಮೇಲೆ

ಪ್ರಶ್ನೆ: ರಾಯಚೂರಿನವನು, ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನೆಲೆಸಿದ್ದೇನೆ. ಕರುಳಿನ ಆಪರೇಷನ್ ಆದ 5ನೇ ದಿನ ಒಳಹೊಲಿಗೆ ಸೋರಿ ನಂಜೇರಿತು. 9 ದಿನ ವೆಂಟಿಲೇಟರ್‌ನಲ್ಲಿದ್ದೆ. ಮನೆಗೆ ಬಂದು ತಿಂಗಳಾದರೂ ಮೆಟ್ಟಿಲು ಹತ್ತಲಾಗುತ್ತಿಲ್ಲ. ಯಾರೋ ಕೈ ಕಟ್ಟಿಹಾಕಿದಂತೆ ರಾತ್ರಿ ಬೆಚ್ಚಿ ಏಳುತ್ತೇನೆ. ಹುಚ್ಚು ಹಿಡಿಯುತ್ತಿದೆಯೇ?

ಉತ್ತರ: ಖಂಡಿತ ಇಲ್ಲ. ನೀವು ಸಾವಿನ ಬಾಗಿಲಿನಿಂದ ಮರಳಿದ್ದೀರಿ. ದೇಹ, ಮನಸ್ಸು ಎರಡೂ ದಣಿದಿವೆ. ಸ್ನಾಯು ಕರಗುವುದು, ಮರೆವು, ಕೆಟ್ಟ ಕನಸು, ಇವೆಲ್ಲ ಐಸಿಯುನಲ್ಲಿದ್ದ ಅನೇಕರನ್ನು ಕಾಡುತ್ತವೆ. ನಂಜು ಮತ್ತು ನಿದ್ದೆಮದ್ದಿನ ಮಂಪರಿನಲ್ಲಿ ಮಿದುಳು ಕಂಡದ್ದನ್ನೂ ಕಲ್ಪಿಸಿದ್ದನ್ನೂ ಬೆರೆಸಿಬಿಡುತ್ತದೆ. ಟ್ಯೂಬ್ ಕೀಳದಿರಲೆಂದು ಕೆಲವೊಮ್ಮೆ ಕೈ ಕಟ್ಟುವುದೂ ಉಂಟು. ಆ ದಿನಗಳಲ್ಲಿ ಏನೇನಾಯಿತೆಂದು ಮನೆಯವರಿಂದ ದಿನವಾರು ಕೇಳಿ ಬರೆದಿಡಿ. ನಡೆದದ್ದು ತಿಳಿದರೆ ಭಯದ ಬಿಗಿ ಸಡಿಲುತ್ತದೆ.

ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿ, ನಾಳೆ ಹನ್ನೆರಡು. ಫಿಸಿಯೋಥೆರಪಿ ಬಿಡಬೇಡಿ. ಮೊಟ್ಟೆ, ಬೇಳೆ, ಮೊಸರು ಎಷ್ಟೆಂದು ಸರ್ಜನ್‌ರನ್ನೇ ಕೇಳಿ. ಡಿಸ್ಚಾರ್ಜ್ ಸಾರಾಂಶ ಸದಾ ಕೈಗೆ ಸಿಗುವಂತಿರಲಿ.

100.4 ಡಿಗ್ರಿ ದಾಟಿದ ಜ್ವರ, ಗಾಯದಲ್ಲಿ ಕೀವು, ಹೊಟ್ಟೆಯುಬ್ಬರ, ಒಂದೇ ಕಾಲಿನ ಮೀನಖಂಡದಲ್ಲಿ ಊತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ದಿಢೀರ್ ಉಸಿರಾಟದ ತೊಂದರೆ, ಎದೆನೋವು, ಗೊಂದಲ ಕಾಣಿಸಿದರೆ 108ಕ್ಕೆ ಕರೆ ಮಾಡಿ.

ಮನಸ್ಸಿನ ಭಾರಕ್ಕೆ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚೇತರಿಕೆಗೆ ತಿಂಗಳುಗಳೇ ಬೇಕು. ಅವಸರ ಬೇಡ, ಸಹಾಯ ಕೇಳಲು ಸಂಕೋಚವೂ ಬೇಡ.