ಕಡೆಗಣ್ಣಿನ ಕಾಲಮಾನ

ಹಿಂದೊಮ್ಮೆ ತರಗತಿಯ ಮೂಲೆಯ ಬೆಂಚಿನ ಮೇಲೆ ಕುಳಿತಿದ್ದ ಬಾಲಕಿಯೊಬ್ಬಳು, ಗೋಡೆಯ ಮೇಲಿನ ಹಳೆಯ ಟ್ಯೂಬ್‌ಲೈಟು ಸದಾ ಮಿಣುಕುತ್ತಿದೆಯೆಂದು ನಮ್ಮೊಡನೆ ದೂರಿದಳು. ನಾವು ತಲೆಯೆತ್ತಿ ನೆಟ್ಟ ನೋಟದಿಂದ ನೋಡಿದೆವು. ದೀಪವು ನಿಶ್ಚಲವಾಗಿ ಬೆಳಗುತ್ತಿತ್ತು. ಪಾಠದ ಕಡೆ ಲಕ್ಷ್ಯವಿರಲಿ ಎಂದು ಗದರಿಸಿ ಕುಳ್ಳಿರಿಸಿದೆವು. ಅವಳ ಮಾತೇ ದಿಟವೆಂಬುದು ನಮಗೆ ತಿಳಿದುದು ಬಹಳ ತಡವಾಗಿ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಹಳೆಯ ಬಗೆಯ ಚೋಕು ಜೋಡಿಸಿದ ಟ್ಯೂಬಿನ ಬೆಳಕು ಆದ್ದರಿಂದ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಅದರ ತುದಿಗಳಲ್ಲಿಯಾದರೋ 50 ಸಲದ ಏರಿಳಿತವೂ ಇರುತ್ತದೆ. ನೇರನೋಟಕ್ಕೆ ಇದು ಒಂದೇ ಬೆಳಕಾಗಿ ಕೂಡಿಹೋಗುವಾಗಲೂ ಕಡೆಗಣ್ಣಿಗೆ ಬಿಡಿಬಿಡಿಯಾಗಿ ತೋರಬಲ್ಲುದು. ಅಕ್ಷಿಪಟಲದ ನಟ್ಟನಡುವಿನ ಶಂಕುಕೋಶಗಳು ಸೂಕ್ಷ್ಮ ವಿವರಗಳನ್ನು ಹಿಡಿಯುವುದರಲ್ಲಿ ನಿಪುಣವಾದರೂ ಬೆಳಕಿನ ಬದಲಾವಣೆಗೆ ನಿಧಾನವಾಗಿ ಓಗೊಡುತ್ತವೆ, ಅಂಚಿನವು ಚುರುಕು. ಕೋತಿಗಳ ಅಕ್ಷಿಪಟಲವನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು 2017ರಲ್ಲಿ ಇದನ್ನು ತೋರಿಸಿಕೊಟ್ಟರು.

ಹಾಗಾದರೆ ಕಡೆಗಣ್ಣಿಗೆ ಎಲ್ಲವೂ ಬೇಗ ತಿಳಿಯುವುದೋ? ವಿಚಿತ್ರವೆಂದರೆ, ಇಲ್ಲ. ಬೆಳಕು ಮಿಂಚಿದೊಡನೆ ಗುಂಡಿಯನ್ನು ಒತ್ತಬೇಕೆಂದು ಹೇಳಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಫೆನ್‌ಬರ್ಗರನು ಕಾಲವನ್ನು ಅಳೆದನು. ಮಿಂಚು ದೃಷ್ಟಿಯ ನಡುವಿನಿಂದ ದೂರ ಸರಿದಷ್ಟೂ ಕೈ ತಡವಾಗುತ್ತದೆಂದು 1912ರಲ್ಲಿ ಪ್ರಕಟಿಸಿದನು. ತಡವು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ. ಮಿದುಳಿನ ದೃಷ್ಟಿಕೇಂದ್ರದಲ್ಲಿ ನಡುನೋಟಕ್ಕೆ ವಿಶಾಲವಾದ ಪ್ರದೇಶ ಮೀಸಲಾಗಿದೆ, ಅಂಚಿಗೆ ದೊರೆತಿರುವುದು ಕಿರಿದು. ಮಿಣುಕನ್ನು ಗುರುತಿಸುವುದೇ ಬೇರೆ, ಕಂಡುದಕ್ಕೆ ಕೈಯೆತ್ತುವುದೇ ಬೇರೆ.

ಇದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ತಂಗಿಯೋ ತಮ್ಮನೋ 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ತೂಗಿ ಹಿಡಿಯಲಿ. ಅದರ ಸೊನ್ನೆಯ ತುದಿಯನ್ನು ಮುಟ್ಟದಂತೆ ನಿಮ್ಮ ಬೆರಳುಗಳನ್ನು ಇಕ್ಕೆಲದಲ್ಲಿ ಇರಿಸಿರಿ. ಹೇಳದೆ ಬಿಟ್ಟ ಪಟ್ಟಿಯನ್ನು ಹಿಡಿಯಬೇಕು. ಹತ್ತು ಸಲ ಪಟ್ಟಿಯನ್ನೇ ನೋಡುತ್ತ, ಹತ್ತು ಸಲ ಪಕ್ಕದ ಗೋಡೆಯ ಗುರುತೊಂದನ್ನು ನೋಡುತ್ತ ಹಿಡಿದು, ಸರಾಸರಿ ತೆಗೆಯಿರಿ. ಪಟ್ಟಿಯು 20 ಸೆಂಟಿಮೀಟರು ಬಿದ್ದಿದ್ದರೆ ಕಳೆದ ಕಾಲ ಸುಮಾರು 0.20 ಸೆಕೆಂಡು, 25 ಬಿದ್ದಿದ್ದರೆ ಸುಮಾರು 0.23. ಒಂದೆರಡು ಸಲ ನೋಡಿ ತೀರ್ಮಾನಿಸಬಾರದು. ಕೈಯ ಚಪಲ ಬಹಳ.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ದೀಪವು ಮಿಣುಕುತ್ತಿದೆಯೆಂದು ಮಗು ಹೇಳಿದಾಗ, ದೀಪವನ್ನು ದಿಟ್ಟಿಸದೆ, ಎದುರಿನ ಗೋಡೆಯನ್ನು ನೋಡುತ್ತ ಮಗುವಿನ ಸ್ಥಳದಲ್ಲಿ ಒಂದು ನಿಮಿಷ ಕುಳಿತುಕೊಳ್ಳಿರಿ. ನಾವು ಹಾಗೆ ಕುಳಿತುದು ಆ ಬಾಲಕಿ ಶಾಲೆಯನ್ನು ಬಿಟ್ಟುಹೋದ ಮರುವರ್ಷ. ಟ್ಯೂಬಿನ ತುದಿ ಮಿಣುಕುತ್ತಲೇ ಇತ್ತು.